ಟೋನ್‌ಗೆ ಮುಂಚಿನ ಮಾತು

೨೧ ನವೆಂಬರ್ ೧೯೮೯, ಮಂಗಳವಾರ

ನಾಲ್ಕು ದಿನದಿಂದ ತಲೆ ತಿನ್ನುತ್ತಿದ್ದ ತಪ್ಪು ಇವತ್ತು ಸಿಕ್ಕಿತು. ಸಿಕ್ಕಿದ ಖುಷಿ ಮಾತ್ರ ಇಲ್ಲ.

ನಾನು ಕೆಲಸ ಮಾಡುವ ನಾಚಾರಂ ಶೆಡ್ಡಿನ ಹಿಂದಿರುವ ಎಂಟು ಆಂಟೆನಾಗಳು ಸೇರಿ, ಕಡಲಾಚೆ ಪೋರ್ಟ್ ಬ್ಲೇರ್‌ನಿಂದ ಬರುವ ದನಿಯೊಂದನ್ನೇ ಹಿಡಿಯಬೇಕು. ಉಳಿದ ಗದ್ದಲಕ್ಕೆ ಕಿವಿ ಮುಚ್ಚಬೇಕು. ನಮ್ಮ ದನಿ ಯಾವುದೆಂದು ಯಂತ್ರಕ್ಕೆ ತಿಳಿಯುವುದು ಅಲ್ಲಿಂದ ಟೋನ್, ಅಂದರೆ ಗುರುತಿನ ‘ಕೂಂ’ ಸದ್ದು, ಬಂದಾಗ. ಅದಕ್ಕೆ ಮುಂಚೆ ಕೇಳಿದ್ದೆಲ್ಲ ಗದ್ದಲವೇ.

ಅಲ್ಲಿನ ಆಪರೇಟರ್ ಅಮರೇಶಪ್ಪನವರು ಲಿಂಗಸುಗೂರಿನವರು. ಮುಖ ನೋಡಿಲ್ಲ. ಟೋನ್ ಬಂದ ಮೇಲೆ ಟೇಪ್ ಓಡುತ್ತದೆ, ಮನೆಮಾತು ಆಡುವಂತಿಲ್ಲ. ಹಾಗಾಗಿ ದಿನವೂ ಅದಕ್ಕೆ ಮುಂಚೆಯೇ, "ತಂಗೀ, ಆರಾಮ ಅದೀಯೇನವಾ? ಚಾ ಆತೇನು?" ಎನ್ನುತ್ತಿದ್ದರು. ಯಂತ್ರ ಅದನ್ನು ಗದ್ದಲವೆಂದು ಕಲಿತು, ಅವರ ದಿಕ್ಕಿಗೇ ಕಿವಿ ಮುಚ್ಚಿಕೊಂಡಿತ್ತು.

ಮಧ್ಯಾಹ್ನ ಟ್ರಂಕ್ ಕಾಲ್ ಮಾಡಿ ಹೇಳಿದೆ: "ಅಣ್ಣಾರ, ಟೋನ್‌ಗಿಂತ ಮೊದ್ಲ ಏನೂ ಮಾತಾಡಬ್ಯಾಡ್ರಿ. ನಿಮ್ಮ ಮಾತಿಂದನ ಲಿಂಕ್ ಕೆಡಾಕತ್ತೈತಿ."

ಅತ್ತ ಕಡೆಯಿಂದ ಬಂದದ್ದು ಇಷ್ಟೇ:

"ಆತ್ರೀ ಮೇಡಂ."

ಮೇಡಂ!

ಸಂಜೆ ಲಿಂಕ್ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವರು ಕಾಗದ ಮಗುಚಿದ್ದೂ ಕೇಳಿಸಿತು. ಇಪ್ಪತ್ತು ನಿಮಿಷ ಪರೀಕ್ಷೆಯ ಅಂಕಿ ಓದಿದರು, ಒಂದೂ ತಪ್ಪಿಲ್ಲ. ಸಾಹೇಬರು ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದರು. ನನ್ನ ಪಾಲಿನದು ಕಾಗದದಲ್ಲೇ ಆರಿತು.

ಈಗ, ದೀಪ ಆರಿಸುವ ಹೊತ್ತಿಗೆ ಹೊಳೆಯುತ್ತಿದೆ: ಯಂತ್ರವನ್ನೇ ಎರಡು ನಿಮಿಷ ತಡವಾಗಿ ಹಚ್ಚಿದ್ದರೆ ಸಾಕಿತ್ತು. ಅದನ್ನು ಬಿಟ್ಟು ಮನುಷ್ಯನ ಬಾಯಿ ಮುಚ್ಚಿಸಿದೆ. ನಾಳೆಯಿಂದ ಯಂತ್ರವನ್ನೇ ತಡವಾಗಿ ಹಚ್ಚುತ್ತೇನೆ. ಹೆಡ್‌ಫೋನ್ ಹಾಕಿಕೊಂಡು ಕಾಯುತ್ತೇನೆ. ಆದರೆ ಅವರಾಗಿಯೇ ಇನ್ನು ‘ತಂಗೀ’ ಎನ್ನುತ್ತಾರೋ ಇಲ್ಲವೋ.