ನನಗೊಬ್ಬಳಿಗೆ ಬಾರದ ಪೊಟ್ಟಣ

ರೀ,

ನಿಮ್ಮ ತಲೆಯಿಂದ ತೆಗೆದ ಗಡ್ಡೆಯ ಚೂರನ್ನು ಸಂಶೋಧನೆಗೆ ಬಳಸಲು, ಈಗ ನೀವಿಲ್ಲವಲ್ಲ, ನನ್ನ ಸಹಿ ಬೇಕೆಂದು ಇವತ್ತು ಆಸ್ಪತ್ರೆಗೆ ಕರೆಸಿದ್ದರು. ಅದರಲ್ಲಿ ಏನು ಹುಡುಕುತ್ತೀರಿ ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಗಡ್ಡೆಯ ಜೀವಕೋಶಗಳು ಕಣ್ಣಿಗೆ ಕಾಣದಂಥ ಪೊಟ್ಟಣಗಳನ್ನ ಕಳಿಸ್ತಿರ್ತವೆ. ಅದನ್ನ ತಗೊಂಡ ಒಳ್ಳೆ ಕೋಶಗಳೂ ಗಡ್ಡೆ ಪರವಾಗೇ ದುಡಿಯೋಕೆ ಶುರು ಮಾಡ್ತವೆ. ಔಷಧಿ ತಡ್ಕೊಳ್ಳೋ ಗುಟ್ಟೂ ಹಾಗೇ ಒಂದರಿಂದ ಇನ್ನೊಂದಕ್ಕೆ ಹೋಗತ್ತೆ. ನಿಮ್ಮ ಯಜಮಾನರಿಗೆ ಗುಳಿಗೆ ನಾಟ್ಲಿಲ್ಲ ಅಂತ ಮೂರನೇ ತಿಂಗಳಿಗೇ ನಿಲ್ಲಿಸಿದ್ವಲ್ಲ, ಇದೂ ಒಂದು ಕಾರಣ ಇರಬಹುದು."

ನಾನು ಹೂಂ ಎಂದು ಸಹಿ ಹಾಕಿದೆ. ಆದರೆ ಏಳನೇ ತಿಂಗಳವರೆಗೂ ನಾನು ಗುಳಿಗೆ ಕೊಟ್ಟಿದ್ದೇನಲ್ಲ?

ಅದನ್ನು ತಂದುಕೊಡುತ್ತಿದ್ದ ನಿಮ್ಮ ತಮ್ಮನನ್ನು ಅವನ ಔಷಧಿ ಅಂಗಡಿಯಲ್ಲೇ ಹಿಡಿದು ಕೇಳಿದೆ. "ಅದು ವಿಟಮಿನ್ನು ಅತ್ತಿಗೆ. ನಿಮಗೆ ಹೇಳ್ಬಾರ್ದು ಅಂತ ಅಣ್ಣ ಆಣೆ ಹಾಕಿಸ್ಕೊಂಡಿದ್ದ," ಎಂದ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಾ. ಮಗಳಿಗೂ ಗೊತ್ತಿತ್ತಂತೆ. ನಿಮ್ಮಮ್ಮನಿಗೂ.

ನಿಮ್ಮ ಪೊಟ್ಟಣ ಮನೆಯಲ್ಲಿ ಎಲ್ಲರಿಗೂ ತಲುಪಿತ್ತು, ಎಲ್ಲರೂ ನಿಮ್ಮ ಪರವಾಗಿ ದುಡಿದರು. ನಾನೊಬ್ಬಳು ಮಾತ್ರ ಗಡಿಯಾರ ನೋಡಿಕೊಂಡು, ಗುಳಿಗೆ ಖಾಲಿ ಹೊಟ್ಟೆಗೇ ಹೋಗಬೇಕೆಂದು ನಿಮ್ಮ ಮುಂದಿನ ಕಾಫಿಯನ್ನೂ ಎತ್ತಿಡುತ್ತಿದ್ದೆ.

ಒಂದು ಬೆಳಿಗ್ಗೆ ನೀವು "ಇವತ್ತು ಬೇಡ ಕಣೇ" ಎಂದಿರಿ. "ನಮಗೋಸ್ಕರನಾದ್ರೂ ಬದುಕ್ಬೇಕು ಅಂತ ಅನ್ಸಲ್ವಾ ನಿಮಗೆ?" ಎಂದುಬಿಟ್ಟೆ. ಆಗಲಾದರೂ ನೀವು ಬಾಯಿ ಬಿಡಬಹುದಿತ್ತು.

ಬಾಯಿ ಬಿಟ್ಟಿರಿ, ಗುಳಿಗೆ ಹಾಕಿಸಿಕೊಳ್ಳುವುದಕ್ಕೆ.