ಆ ಪುಟದಲ್ಲಿ ನನ್ನ ಹೆಸರು ಯಾಕಿದೆ ಎಂದರೆ

ಪ್ರೀತಿಯ ಪ್ರಜಿನಾ,

ನೀನು ಮಲಗಿರುವ ಆಸ್ಪತ್ರೆಯ ಎದುರು, ರಸ್ತೆಯ ಆಚೆ ಬದಿಗೆ ಒಂದು ಚಹಾದಂಗಡಿ ಇದೆ. ಅದರ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಯ್ಯನ್ನೂರಿನಿಂದ ಬೆಳಗಿನ ರೈಲು ಹತ್ತಿ ಕಲ್ಲಿಕೋಟೆಗೆ ಬಂದೆ. ನಿನ್ನ ಅಮ್ಮ ಬುತ್ತಿಯಲ್ಲಿ ಉಣ್ಣಿಯಪ್ಪ ಕಟ್ಟಿಕೊಟ್ಟಿದ್ದಾಳೆ. ಅದನ್ನೂ ಒಳಗೆ ಬಿಡುವುದಿಲ್ಲವಂತೆ. ಬಾಗಿಲು ಕಾಯುವ ಮೊಯ್ದು ಒಳ್ಳೆಯ ಮನುಷ್ಯ. "ನಿಮ್ಮನ್ನ ಬಿಟ್ರೆ ನನ್ನ ಅನ್ನ ಹೋಗುತ್ತೆ ಮಾಷೇ. ಇಲ್ಲಿ ಗಂಡಂದಿರನ್ನೇ ಹೊತ್ತು ನೋಡಿ ಬಿಡೋದು, ಸೋದರಮಾವಂದಿರನ್ನ ಯಾರು ಕೇಳ್ತಾರೆ?" ಎಂದ. ಕಾಗದವನ್ನಾದರೆ ನಿನ್ನ ಕೈಗೆ ತಲುಪಿಸುತ್ತೇನೆ ಎಂದು ಒಪ್ಪಿದ್ದಾನೆ. ನಿನ್ನ ಫೋನು ಬಂದಾಗಿದೆ. ನನಗೆ ಉಳಿದದ್ದು ಈ ಕಾಗದ ಒಂದೇ.

ಸಂಜೆ ನಿನಗೆ ಮೊದಲ ಸೂಜಿ. ಅದಕ್ಕೆ ಮುಂಚೆ ಇದನ್ನು ಓದು. ಸಿಟ್ಟಿನಲ್ಲೇ ಓದು, ಪರವಾಗಿಲ್ಲ.

ಹೋದ ವಾರ ಫೋನಿನಲ್ಲಿ ನೀನು ಅಂದ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ. ಈ ಜಾಗ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದ್ದಕ್ಕೆ ನೀನು ಖುಷಿಯಿಂದಲೇ ಹೇಳಿದೆ: "ನೀವು ಬರೆಯೋ ಆನ್‌ಲೈನ್ ವಿಶ್ವಕೋಶದಲ್ಲೇ ಇತ್ತಲ್ಲ ಮಾಮ! ಬಂಜೆತನದ ಪುಟದ ಕೆಳಗೆ ಲಿಂಕ್ ಕೊಟ್ಟಿದ್ರು. ಯಾರು ಬರೆದಿದ್ದು ಅಂತ ಅದರ ತಿದ್ದುಪಡಿಗಳ ಇತಿಹಾಸ ತೆಗೆದು ನೋಡಿದೆ. ಸಾಲಿಗೆ ಸಾಲು ನಿಮ್ಮ ಹೆಸರೇ. ಮಾಮ ಕಾಯ್ತಿರೋ ಪುಟ ಅಂದ್ಮೇಲೆ ಅದರಲ್ಲಿ ಸುಳ್ಳು ಇರುತ್ತಾ ಅಂದ್ಕೊಂಡೆ."

ಮಗಳೇ, ಆ ಪುಟದಲ್ಲಿ ನನ್ನ ಹೆಸರು ಅಷ್ಟು ಸಲ ಇರುವುದು ಈ ಆಸ್ಪತ್ರೆಯ ಕೊಂಡಿಯನ್ನು ಅಷ್ಟು ಸಲ ಕಿತ್ತು ಹಾಕಿದ್ದಕ್ಕೆ.

ಇದನ್ನೇ ನಾನು ಫೋನಿನಲ್ಲಿ ಹೇಳಿದೆ. ನೀನು, "ಕಿತ್ತು ಹಾಕಿದ್ರೆ ಅದು ಅಲ್ಲಿ ಹೇಗಿದೆ ಮಾಮ?" ಎಂದೆ. ಉತ್ತರಕ್ಕೆ ಕಾಯದೆ ನೀನು ಫೋನು ಇಟ್ಟೆ. ಆ ಉತ್ತರವನ್ನು ಈಗ ಬರೆಯುತ್ತೇನೆ.

ನಮ್ಮ ವಾಚನಾಲಯಕ್ಕೆ ನೀನು ಫ್ರಾಕು ಹಾಕಿಕೊಂಡು ಬರುತ್ತಿದ್ದೆಯಲ್ಲ, ಆಗ ಪತ್ರಿಕೆಯ ಮಡಿಕೆಯೊಳಗೆ ಬಣ್ಣದ ಚೀಟಿಗಳು ಬರುತ್ತಿದ್ದವು. ಸಂತಾನಭಾಗ್ಯಕ್ಕೆ ಲೇಹ್ಯ, ಗಂಡುಮಗುವಿಗೆ ಗುಳಿಗೆ. ಓದುಗರು ಬರುವ ಮೊದಲೇ ಪ್ರತಿ ಪತ್ರಿಕೆಯನ್ನೂ ಕೊಡವಿ ಆ ಚೀಟಿಗಳನ್ನು ಒಲೆಗೆ ಹಾಕುವುದು ಕಾರ್ಯದರ್ಶಿಯಾದ ನನ್ನ ಕೆಲಸ. ಆ ಲೇಹ್ಯ ತಿಂದು ಮೂತ್ರಪಿಂಡ ಕಳೆದುಕೊಂಡ ನೇಕಾರರ ಕೇರಿಯ ಜಾನುವನ್ನು ನಾನು ಮರೆತಿಲ್ಲ. ಮಾರಿದವನಿಗೆ ಪೇಟೆಯಲ್ಲಿ ಸನ್ಮಾನವಾದದ್ದನ್ನೂ ಮರೆತಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಈ ಮಲಯಾಳದ ವಿಶ್ವಕೋಶಕ್ಕೆ ಬಂದಾಗ, ಇದು ಊರಿಗೆಲ್ಲ ಒಂದೇ ವಾಚನಾಲಯ ಎಂದುಕೊಂಡೆ. ಚೀಟಿಗಳೂ ನನಗಿಂತ ಮೊದಲೇ ಇಲ್ಲಿಗೆ ಬಂದಿದ್ದವು.

'ತುಂಬೆಹೂ' ಎಂಬ ಹೆಸರಿನವರೊಬ್ಬರು ನೀನಿರುವ ಈ ಆಸ್ಪತ್ರೆಯ ಕೊಂಡಿಯನ್ನು ಪುಟದ ಕೆಳಗೆ, 'ಹೆಚ್ಚಿನ ಓದಿಗೆ' ಎಂಬಲ್ಲಿ ಅಂಟಿಸಿದರು. ಒತ್ತಿದರೆ ಓದಲು ಏನೂ ಇಲ್ಲ. ನಗುವ ಒಂದು ಮಗು, 'ವಯಸ್ಸು ಎಷ್ಟೇ ಇರಲಿ, ಮಡಿಲು ತುಂಬುವುದು ಖಚಿತ' ಎಂಬ ಒಂದು ಸಾಲು, ಹೆಸರು ನೋಂದಾಯಿಸುವ ಒಂದು ಗುಂಡಿ. ನಾನು ತೆಗೆದೆ. ಅವರು ಹಾಕಿದರು. ಆಮೇಲೆ ಅದನ್ನು ಆಧಾರದಂತೆ ವೇಷ ತೊಡಿಸಿ ಲೇಖನದ ನಡುವೆಯೇ ಸೇರಿಸಿದರು. ಅದನ್ನೂ ತೆಗೆದೆ. ಚರ್ಚಾಪುಟದಲ್ಲಿ ಅವರು ಬರೆದರು: "ಮಕ್ಕಳಿಲ್ಲದವರಿಗೆ ದಾರಿ ತೋರಿಸಿದ್ರೆ ಮಾಷಿಗೇಕೆ ಹೊಟ್ಟೆಕಿಚ್ಚು? ಮನೆ ತುಂಬ ಮೊಮ್ಮಕ್ಕಳಿರಬೇಕು, ಅದಕ್ಕೇ ಈ ಗತ್ತು." ನನಗೆ ಮದುವೆಯೇ ಆಗಿಲ್ಲ, ಇರುವವಳು ತಂಗಿಯ ಮಗಳೊಬ್ಬಳು, ಆ ದಾರಿಯಲ್ಲಿ ಒಮ್ಮೆ ನಡೆದು ಸತ್ತು ಬದುಕಿದವಳು ಎಂದು ಬರೆಯಲು ಹೊರಟೆ. ನಿನ್ನ ಗುಟ್ಟು ಊರಿಗೆ ಬೀಳುತ್ತದೆಂದು ಬಿಟ್ಟುಬಿಟ್ಟೆ.

ಇಂಥ ಜಗಳ ಬಿಡಿಸಲು ವಿಶ್ವಕೋಶದ ನಿರ್ವಾಹಕರು ಬಂದರು. ಎಲ್ಲ ಒಳ್ಳೆಯ ಹುಡುಗರೇ. "ಎದುರಿನವರ ಉದ್ದೇಶ ಒಳ್ಳೇದೇ ಅಂತ ತಿಳ್ಕೊಳ್ಳಿ ಮಾಷೇ, ಇಬ್ಬರೂ ಒಮ್ಮತಕ್ಕೆ ಬನ್ನಿ" ಎಂದರು. ಹಾಲು ಕೊಡುವವನಿಗೂ ವಿಷ ಕೊಡುವವನಿಗೂ ಒಮ್ಮತವಾದರೆ ಕುಡಿಯುವವನಿಗೆ ಸಿಗುವುದು ಏನಪ್ಪಾ ಎಂದು ಕೇಳಿದೆ. ನನ್ನ ಭಾಷೆ ಖಾರವಾಯಿತೆಂದು ಎಚ್ಚರಿಕೆ ಬಂತು. ಹಾಕುವುದು ತೆಗೆಯುವುದು ನಿಲ್ಲಲಿಲ್ಲವಾದ್ದರಿಂದ ಜಗಳ ಆರುವವರೆಗೆ ಯಾರೂ ತಿದ್ದದಂತೆ ಪುಟಕ್ಕೇ ಬೀಗ ಜಡಿದರು. ಇಂಥ ಬೀಗಕ್ಕೆ ಒಂದು ನಿಯಮವಿದೆ: ಯಾರ ಪಕ್ಷವನ್ನೂ ವಹಿಸಬಾರದು, ಆ ಗಳಿಗೆಯಲ್ಲಿ ಪುಟ ಹೇಗಿದೆಯೋ ಹಾಗೇ ಮುಚ್ಚಬೇಕು. ಆ ಗಳಿಗೆಯಲ್ಲಿ ಕೊಂಡಿ ಒಳಗಿತ್ತು. ನಾನು ಹೊರಗಿದ್ದೆ. ಆ ವಾರವೇ ನೀನು ಓದಿದ್ದು.

ಪ್ರಜಿನಾ, ಅದು ಅಲ್ಲಿ ಹೀಗಿದೆ. ನನ್ನ ಸಾಕ್ಷಿ ಅದಕ್ಕಿಲ್ಲ.

ನಿನಗೆ ಮಗು ಬೇಡವೆನ್ನಲು ನಾನು ಯಾರು? ಮುತ್ತಪ್ಪ ದೈವ ಮೈಮೇಲೆ ಬಂದ ತೆಯ್ಯದ ಮುಂದೆ ನೀನು ನಿಂತಾಗ ನಾಸ್ತಿಕನಾದ ನಾನೂ ಚಪ್ಪಲಿ ಬಿಟ್ಟು ಹಿಂದೆ ನಿಂತಿದ್ದೆ. ತೆಯ್ಯ ನಿನ್ನ ಕೈ ಹಿಡಿದು, "ಸಂಕಟ ಕಾಣ್ತಿದೆ ಮಗಳೇ, ನಾನು ಜೊತೆಗಿದೀನಿ" ಎಂದಿತೇ ಹೊರತು ಖಚಿತ ಎನ್ನಲಿಲ್ಲ. ದೇವರು ಕೂಡ ಆಡದ ಮಾತನ್ನು ಇವರು ಆಡುತ್ತಾರೆ. ಕೇಳುವವರಿಲ್ಲ.

ಹಿಂದಿನ ಸಲದ ಚಿಕಿತ್ಸೆ ನೆನಪು ಮಾಡಿಕೊ. ನಿನ್ನ ಗಂಡ ರಾಗೇಶ ಹಡಗಿನ ಕೆಲಸದಲ್ಲಿ ದೂರವಿದ್ದ. ಅಂಡ ಬೆಳೆಸುವ ಸೂಜಿಗಳು ಮುಗಿದ ಮೇಲೆ ನಿನ್ನ ಹೊಟ್ಟೆ ಬಿರಿಯುವಂತೆ ಊದಿತು. ಒಳಗೆಲ್ಲ ನೀರು ತುಂಬಿ, ಮಲಗಿದರೆ ಉಸಿರು ಸಿಗದೆ ನನ್ನ ಭುಜಕ್ಕೆ ಒರಗಿ ಕೂತೇ ಇದ್ದೆ. ವೈದ್ಯಕೀಯ ಕಾಲೇಜಿನ ಡಾಕ್ಟರಮ್ಮ ಹೊಟ್ಟೆಯಿಂದ ನೀರು ತೆಗೆಸಿ ನಿನ್ನನ್ನು ಉಳಿಸಿದರು. ಬಿಡುಗಡೆಯ ದಿನ ಅವರು ಹೇಳಿದ್ದು ನಿನಗೂ ಗೊತ್ತು: "ಮುಂದೆ ಎಲ್ಲೇ ಹೋದ್ರೂ ಮೊದಲು ಇದನ್ನ ಹೇಳಮ್ಮ. ಹೇಳಿದ್ರೆ ಔಷಧಿ ಕಮ್ಮಿ ಮಾಡ್ತಾರೆ, ಕಣ್ಣಿಟ್ಟು ನೋಡ್ಕೊಳ್ತಾರೆ. ಹೇಳದೆ ಸೂಜಿ ಚುಚ್ಚಿಸ್ಕೊಂಡ್ರೆ ಎರಡನೇ ಸಲ ಉಳಿಸೋದು ನನ್ನ ಕೈಲಿ ಇರಲ್ಲ." ಬರೀ ಜ್ವರ ಎಂದು ರಾಗೇಶನಿಗೆ ನೀನು ನಮ್ಮಿಂದ ಹೇಳಿಸಿದೆ. "ಗೊತ್ತಾದ್ರೆ ಅವರು ಇನ್ನೊಮ್ಮೆ ಒಪ್ಪಲ್ಲ ಮಾಮ" ಎಂದು ನನ್ನಿಂದಲೂ ಅಮ್ಮನಿಂದಲೂ ಆಣೆ ತೆಗೆದುಕೊಂಡೆ.

ಈಗ ಇಲ್ಲಿಯೂ ಮುಚ್ಚಿಟ್ಟಿದ್ದೀಯ ಎಂದು ನಿನ್ನೆ ಅಮ್ಮ ಅಳುತ್ತಾ ಹೇಳಿದಳು. "ಹೇಳಿದ್ರೆ ಸೇರಿಸ್ಕೊಳ್ಳಲ್ಲಮ್ಮ, ಅಂಥವರನ್ನ ವಾಪಸ್ ಕಳಿಸ್ತಾರೆ" ಅಂದೆಯಂತೆ. ನಿಜವಿರಬಹುದು. ಗೆಲ್ಲುವವರನ್ನೇ ಆರಿಸಿಕೊಂಡರೆ ಯಾರು ಬೇಕಾದರೂ ಖಚಿತ ಎನ್ನಬಹುದು. ಬೆಳಿಗ್ಗೆ ಬಂದವನೇ ಇಲ್ಲಿಯ ಕಚೇರಿಯ ಹುಡುಗಿಗೆ ಮೊಯ್ದುವಿನ ಫೋನಿನಿಂದಲೇ ಹೇಳಿದೆ. ಅವಳು ನಿನ್ನನ್ನು ಕೇಳಿಕೊಂಡು ಬಂದು, "ಅಂಥದ್ದೇನೂ ಆಗಿಲ್ವಂತೆ ಅಂಕಲ್. ಮಾಮನಿಗೆ ಈ ಚಿಕಿತ್ಸೆ ಇಷ್ಟ ಇಲ್ಲ, ಅದಕ್ಕೆ ಹಾಗಂತಾರೆ ಅಂದ್ರು. ನೀವು ಗಂಡ ಅಲ್ಲ, ಅಪ್ಪ ಅಲ್ಲ, ನಾವೇನು ಮಾಡೋಕಾಗುತ್ತೆ?" ಎಂದು ಫೋನಿಟ್ಟಳು.

ನಿನ್ನ ಅಪ್ಪ ಹೋದಾಗ ನಿನಗೆ ಐದು ವರ್ಷ. ನಾನು ಯಾರು ಎಂದು ಆ ಹುಡುಗಿಗೆ ಹೇಗೆ ಹೇಳಲಿ?

ಈಗಷ್ಟೇ ನನ್ನ ಫೋನು ಸದ್ದು ಮಾಡಿತು. ವಿಶ್ವಕೋಶದ ಗೆಳೆಯನೊಬ್ಬನ ಸಂದೇಶ: "ಮಾಷೇ, ಬೀಗ ತೆಗೆದಿದ್ದಾರೆ. ತುಂಬೆಹೂ ಇನ್ನೂ ಎರಡು ಕೊಂಡಿ ಸೇರಿಸಿದ್ದಾರೆ. ಎಲ್ಲಿದ್ದೀರಿ? ಬೇಗ ಬನ್ನಿ." ನಾನು ಉತ್ತರ ಕೊಡಲಿಲ್ಲ. ಇವತ್ತು ಯಾರು ಏನು ಬೇಕಾದರೂ ಅಂಟಿಸಿಕೊಳ್ಳಲಿ. ಆ ಪುಟವನ್ನು ನಾಳೆ ಯಾರಾದರೂ ಹಿಂದಿನಂತೆ ಮಾಡಬಹುದು. ನಿನ್ನ ಮೈಗೆ ಒಮ್ಮೆ ಇಳಿದದ್ದನ್ನು ಯಾರೂ ಹಿಂದಕ್ಕೆ ತೆಗೆಯಲಾರರು.

ಮನೆಗೆ ಬಾ ಎಂದು ಕರೆಯುತ್ತಿಲ್ಲ. ನಿನ್ನ ಆಸೆಯನ್ನು ಬಿಡು ಎನ್ನುತ್ತಿಲ್ಲ. ಡಾಕ್ಟರಿಗೆ ಆ ಒಂದು ಮಾತು ಹೇಳು. ಕಳಿಸಿಬಿಟ್ಟರೆ ಹೇಳಿದ್ದನ್ನು ಕೇಳಿಸಿಕೊಳ್ಳುವ ಬೇರೆ ಡಾಕ್ಟರನ್ನು ಹುಡುಕೋಣ, ನಾನೇ ಜೊತೆಗೆ ಬರುತ್ತೇನೆ.

ಸೂಜಿಗೆ ಮುಂಚೆ ರಾಗೇಶ ಬರುತ್ತಾನೆಂದು ಮೊಯ್ದು ಹೇಳಿದ. ಅಷ್ಟರಲ್ಲಿ ನೀನು ಡಾಕ್ಟರಿಗೆ ಹೇಳಿದೆ ಎಂಬ ಸುದ್ದಿ ನನಗೆ ಬರದಿದ್ದರೆ, ಅವನನ್ನು ಈ ಗೇಟಿನಲ್ಲೇ ತಡೆದು ನಾನು ಎಲ್ಲ ಹೇಳುತ್ತೇನೆ. ಗಂಡನ ಮಾತನ್ನಾದರೂ ಇವರು ಕೇಳಲೇಬೇಕು. ನಿನಗೆ ಕೊಟ್ಟ ಆಣೆ ಮುರಿಯುತ್ತದೆ, ಮುರಿಯಲಿ. ಮಾಮ ನನ್ನ ಮಗುವಿಗೆ ಅಡ್ಡ ಬಂದ ಎಂದು ನೀನು ಬದುಕಿಡೀ ನನ್ನೊಂದಿಗೆ ಮಾತಾಡದೆ ಇರಬಹುದು. ಇರು ಮಗಳೇ. ಹಾಗೆ ಮಾತು ಬಿಡುವುದಕ್ಕಾದರೂ ನೀನು ಇರಬೇಕು.

ನೂರು ವರ್ಷ ನನ್ನ ಮೇಲೆ ಸಿಟ್ಟಾಗಿ ಬಾಳು ಎಂದು ಹರಸುವ,
ನಿನ್ನ
ಪವಿತ್ರನ್ ಮಾಮ