ಬಿಳಿ ಕಾರಿನ ಹಿಂದೆ ಹೋದ ಕೋರಿ ಗಸಿ

ಪ್ರಣೀತಕ್ಕನವರ ಸನ್ನಿಧಾನಕ್ಕೆ,

ವಹೀಬಾ ಮರಳುಗಾಡಿನ ಕ್ಯಾಂಪಿಂಗಿಗೆ ಹೊರಡುವಾಗ ನೀವು ಕೋಳಿಗೆ ತೆಂಗಿನಕಾಯಿ ಅರೆದು ಹಾಕಿ ಮಾಡಿದ ಕೋರಿ ಗಸಿಯ ಪಾತ್ರೆಯನ್ನು ನನ್ನ ಕಾರಿನಲ್ಲಿಟ್ಟು, "ಜಾಗ್ರತೆ ಮಾರಾಯ, ಎಲ್ಲರ ಊಟ ಇದು" ಎಂದಿರಿ. ಒಂದು ತೊಟ್ಟೂ ಚೆಲ್ಲದೆ ಒಯ್ದೆ. ಒಯ್ದದ್ದು ಮಾತ್ರ ಬೇರೆಯವರ ಕ್ಯಾಂಪಿಗೆ.

ಧೂಳಿನಲ್ಲಿ ಮುಂದಿದ್ದ ಬಿಳಿ ಲ್ಯಾಂಡ್ ಕ್ರೂಸರ್ ನಿಮ್ಮದೆಂದೇ ನಂಬಿದ್ದೆ. ಒಮಾನಿನಲ್ಲಿ ಯಾರ ಕಾರು ಬಿಳಿಯಲ್ಲ ಹೇಳಿ! ಅದು ಒಂದು ಡೇರೆಯ ಬಳಿ ನಿಂತಾಗ ಇಳಿದವರು ಒಂದು ಒಮಾನಿ ಕುಟುಂಬ. ಫೋನಿಗೆ ಸಿಗ್ನಲ್ ಇರಲಿಲ್ಲ. "ತಫದ್ದಲ್, ತಫದ್ದಲ್" ಎಂದು ಉಪಚರಿಸಿ ಕಹ್ವಾ ಕಾಫಿ, ಖರ್ಜೂರ ಕೊಟ್ಟರು. ಸುಮ್ಮನೆ ತಿಂದು ಏಳುವುದು ನಮ್ಮೂರಿನ ಮರ್ಯಾದೆಯೇ? ನಾನೂ "ತಫದ್ದಲ್" ಎಂದು ಪಾತ್ರೆಯ ಮುಚ್ಚಳ ತೆಗೆದೆ. ತಳ ಕಾಣುವವರೆಗೂ ನಿಮ್ಮ ಕೈರುಚಿಯನ್ನು ಹೊಗಳಿದರು.

ಅತ್ತ ನಿಮ್ಮ ಕಾರಿನಲ್ಲಿದ್ದ ಒಣ ರೊಟ್ಟಿಯನ್ನು ಮಕ್ಕಳು ನೀರಿನಲ್ಲಿ ಅದ್ದಿ ತಿಂದರಂತೆ. ಅದನ್ನು ಕೇಳಿದ ಮೇಲೆ ಕನ್ನಡಿ ನೋಡಲೂ ನಾಚಿಕೆಯಾಗುತ್ತಿದೆ.

ನಿಮ್ಮ ಕಾರಿನಲ್ಲೇ ಬಂದು ನಿಮ್ಮ ಜೊತೆಗೇ ವಾಪಸಾದ ನನ್ನ ಹೆಂಡತಿ ಯಶ್ಮಿತಾ ನಿಮ್ಮ ಮನೆಯಲ್ಲೇ ಉಳಿದಿದ್ದಾಳೆ. ನನ್ನ ಫೋನ್ ಎತ್ತುತ್ತಿಲ್ಲ. ಮನೆಗೆ ಕಳಿಸಿ ಎನ್ನುವ ಮುಖ ನನಗಿಲ್ಲ. ಈ ಪತ್ರವನ್ನು ಬಾಗಿಲಡಿ ತೂರಿಸಿ, ತೊಳೆದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಮ್ಮ ಮೆಟ್ಟಿಲಲ್ಲಿ ಕೂತಿದ್ದೇನೆ. ಪಾತ್ರೆ ತೆಗೆದುಕೊಳ್ಳಲು ಅವಳನ್ನೇ ಕಳಿಸಿದರೆ ಉಪಕಾರವಾಗುತ್ತದೆ.

ತಲೆ ತಗ್ಗಿಸಿ,
ಅಕ್ಷಿತ್